ಕೆಂಚ ಅರ್ಧ ದಾರಿಯಲ್ಲಿ ಬಿಟ್ಟ ಹಕ್ಕಿಗಳು

ಅಣ್ಣಯ್ಯಾ,

ಕೆಂಚ ನನ್ನ ಹತ್ತಿರವೇ ಇದ್ದಾನೆ. ಅದನ್ನು ಮೊದಲೇ ಬರೆದುಬಿಟ್ಟೆ, ಇಲ್ಲದಿದ್ದರೆ ಕೊನೆಯವರೆಗೂ ನೀನು ಗಾಬರಿಯಲ್ಲೇ ಓದುತ್ತೀಯ. ಗಾಬರಿಯವಳು ನಾನು, ನೀನಲ್ಲ, ಗೊತ್ತು. ಹೋದ ಭಾನುವಾರ ಮಧ್ಯಾಹ್ನ ನಮ್ಮೆಜಮಾನರು ನಿನ್ನ ನಾಯಿಯನ್ನು ಪಾರಿವಾಳ ಹೊಡೆಯುವುದಕ್ಕೆ ಕರೆದುಕೊಂಡು ಹೋಗಿದ್ದರು. ನಡೆದದ್ದನ್ನೆಲ್ಲ ಬರೆಯುತ್ತೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕಾಗುಣಿತ ಇದು, ನಗಬೇಡ.

ಕಡಲೇಕಾಯಿ ಬಿತ್ತಿದ ಹೊಸದರಲ್ಲಿ ನಮ್ಮ ಹೊಲಕ್ಕೆ ಪಾರಿವಾಳದ ಹಿಂಡು ಇಳಿಯುತ್ತಿದ್ದದ್ದು ನೆನಪಿದೆಯಾ? ನೀನು ಏರ್‌ಗನ್ ಹಿಡಿದು ಬದುವಿನ ಮರೆಯಲ್ಲಿ ಕೂರುತ್ತಿದ್ದೆ. ಪಕ್ಕದಲ್ಲಿ ಕೆಂಚ, ಹಿಂದೆ ನಾನು. ನಾನು ಸುಮ್ಮನಿರುವವಳೇ? ಹಾವಿದ್ದರೆ, ಗುಂಡು ಯಾರಿಗಾದರೂ ತಗುಲಿದರೆ, ಫಾರೆಸ್ಟಿನವರು ಬಂದರೆ... "ಗಂಗೂ, ತುಟಿ ಹೊಲ್ಕೊಂಡು ಕೂತ್ಕೊ, ಇಲ್ದಿದ್ರೆ ಮನೇಗೋಗು" ಅನ್ನುತ್ತಿದ್ದೆ. ಸಾರಿಗಾಗುವಷ್ಟು ಹೊಡೆದರೆ ಮುಗಿಯಿತು. ಕೆಂಚ ಹಲ್ಲು ತಾಗಿಸದೆ ಹಕ್ಕಿಯನ್ನು ಕಚ್ಚಿಕೊಂಡು ಬಂದು ನಿನ್ನ ಮುಂದೆ ನಿಲ್ಲುತ್ತಿದ್ದ. ಆಗ ನೀನು ಒಂದೇ ಮಾತು ಆಡುತ್ತಿದ್ದೆ. "ಬುಡು." ಅವನು ಬಾಯಿ ಬಿಡುತ್ತಿದ್ದ. ಹಕ್ಕಿಗೆ ಇನ್ನೂ ಜೀವವಿದ್ದರೆ ತಕ್ಷಣ ಕತ್ತು ತಿರುಚುತ್ತಿದ್ದೆ, ನಾನು ಮುಖ ಆಚೆಗೆ ಮಾಡುತ್ತಿದ್ದೆ. ಬಾವಿಯ ಕಲ್ಲುಸಂದಿನಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ಮಾತ್ರ ನೀನು ಮುಟ್ಟಿದವನಲ್ಲ. "ಬಾವಿ ಅವುಕ್ಕೆ ಬಾಣಂತಿ ಮನೆ ಕಣವ್ವಾ" ಅಂದಿದ್ದೆ.

ನೀನು ಊರು ಬಿಟ್ಟು ಹೋದ ಮೇಲೆ ಕೆಂಚ ನಮ್ಮನೆಗೆ ಬಂದ ದಿನ ನಮ್ಮೆಜಮಾನರು ಅವನನ್ನು ಮುಟ್ಟಿಯೂ ನೋಡಿರಲಿಲ್ಲ. ಆಮೇಲೆ ಅದೇನು ಜಂಬ ಬಂತೋ, ಅವರು ಓಡಿಸುವ ಜೇಸೀಬಿಯ ಓನರ್ ಮುಂದೆ ಕೊಚ್ಚಿಕೊಂಡಿದ್ದಾರೆ, ನಮ್ಮ ಭಾವನ ನಾಯಿ ಬಿದ್ದ ಹಕ್ಕೀನ ಕೈಗೇ ತಂದುಕೊಡ್ತದೆ ಅಂತ. ಆತ ಮನೆ ಬಾಗಿಲಿಗೇ ಬಂದ. "ಭಾನುವಾರ ನೋಡೇ ಬುಡಾನ ಕಣ್ಲಾ ನಾಗ. ಕೆಲ್ಸ ಮಾಡಿದ್ರೆ ನಾಯಿ ನನ್ ತೋಟಕ್ಕೆ" ಅಂದ. ಇವರು ಹಲ್ಲು ಕಿರಿದರು. ನನ್ನನ್ನು ಒಂದು ಮಾತು ಕೇಳಿದರಾ?

ಬುತ್ತಿ ನೆಪ ಮಾಡಿಕೊಂಡು ನಾನೂ ಹಿಂದೆ ಹೋದೆ. ಹೋದದ್ದು ಎಲ್ಲಿಗೆ ಗೊತ್ತಾ? ಐ.ಡಿ.ಹಳ್ಳಿ ದಾರಿಯಲ್ಲಿ ಹುಣಸೆ ಮರದ ಪಕ್ಕದ ಕಲ್ಲುಬಾವಿಗೆ. ಓನರೂ ಅವನ ಬಾಮೈದನೂ ಕಾರಿನಿಂದ ಹೊಸ ಗನ್ನು, ಬಾಟಲು, ಮಸಾಲೆ ಹಚ್ಚಿದ ಕೋಳಿಯ ಡಬ್ಬ ಇಳಿಸಿದರು. ಬಾಮೈದ ಬಾವಿಯೊಳಕ್ಕೆ ಒಂದು ದಪ್ಪ ಕಲ್ಲು ಎತ್ತಿಹಾಕಿದ. ಹಕ್ಕಿಗಳೆಲ್ಲ ಬುರ್ರೆಂದು ಮೇಲೆದ್ದವು. "ಹೊಡ್ದ್‌ಬುಡು! ಹೊಡ್ದ್‌ಬುಡು!" ಕೆಲವು ವಾಪಸ್ ಬಾವಿಯ ನೀರಿಗೇ ಬಿದ್ದು ಒದ್ದಾಡಿದವು. ಕೆಲವು ಜಾಲಿ ಗಿಡಕ್ಕೆ ಸಿಕ್ಕಿಕೊಂಡವು. ಕಲ್ಲಿನ ಸಂದುಗಳಲ್ಲಿ ಮರಿಗಳು ಕೀಚಲು ದನಿಯಲ್ಲಿ ಕೂಗುತ್ತಿದ್ದವು. ಅದರ ಮೇಲೆ ಇವರ ನಗು. ಥೂ!

ಕೆಂಚ ಓಡಿದ, ಹುಲ್ಲಿನಲ್ಲಿ ಬಿದ್ದ ಹಕ್ಕಿಯನ್ನು ಕಚ್ಚಿ ಎತ್ತಿ ತಿರುಗಿದ. "ಬಂದ್ಬುಡು, ಬಂದ್ಬುಡು!" ಅಂತ ನಮ್ಮೆಜಮಾನರು ಕೂಗಿದರು. ಅವನು ನಿಂತ. ಬಾಯಿ ಬಿಟ್ಟ. ಹಕ್ಕಿ ನೆಲಕ್ಕೆ ಬಿತ್ತು. "ತಂದ್ಬುಡ್ಲಾ!" ಎತ್ತಿಕೊಂಡ, ಮತ್ತೆ ಬಿಟ್ಟ. ನನಗೆ ಆಗಲೇ ಹೊಳೆಯಿತು ಅಣ್ಣಯ್ಯಾ. ನಮ್ಮ ಸೀಮೆಯವರಿಗೆ 'ಬುಡು' ಇಲ್ಲದೆ ಮಾತು ಮುಗಿಯುತ್ತದಾ? ಬಾ ಅಂದರೂ ಬುಡು, ತಾ ಅಂದರೂ ಬುಡು. ಅದರ ಹಿಂದೆ ಯಾವ ಮಾತೇ ಇರಲಿ, ಕೆಂಚನ ಕಿವಿಗೆ ಬಿದ್ದದ್ದು ನಿನ್ನ ಆ ಒಂದು ಮಾತು. ನಮ್ಮ ತುಟಿ ಹೊಲಿಸುತ್ತಿದ್ದೆಯಲ್ಲ, ಇದಕ್ಕೇನಾ?

"ಇದೇನ್ಲಾ ನಾಗ, ನಿಮ್ ಭಾವನ ನಾಯಿ ಅರ್ಧ ದಾರೀಲೇ ಪಾರ್ಸೆಲ್ ಇಳಿಸ್ತೈತೆ!" ಅಂತ ಬಾಮೈದ ಬಿದ್ದು ಬಿದ್ದು ನಕ್ಕ. ಓನರ್ ನಗಲಿಲ್ಲ. ಗನ್ನಿನ ಹಿಡಿಯಿಂದ ಕೆಂಚನ ಪಕ್ಕೆಗೆ ತಿವಿದ. ಮರ್ಯಾದೆ ಹೋಯಿತೆಂದು ನಮ್ಮೆಜಮಾನರು ಅದೇ ಪಕ್ಕೆಗೆ ಒದ್ದರು. ಅವನು ಕುಂಯ್ ಅನ್ನುತ್ತಾ ನನ್ನ ಕಡೆ ನೋಡಿದ. ಎಲ್ಲರೂ ಬಾಯಿ ಮುಚ್ಚಿಕೊಂಡಿರಿ, ಅವನೇ ತರುತ್ತಾನೆ ಅಂತ ಹೇಳಿದ್ದರೆ ಒದೆ ತಪ್ಪುತ್ತಿತ್ತು. ಆದರೆ ಸಂಜೆಗೆ ಕೆಂಚ ಆ ಕಾರಿನಲ್ಲಿ ಓನರ್ ತೋಟಕ್ಕೆ ಹೋಗುತ್ತಿದ್ದ, ಆಮೇಲೆ ಪ್ರತಿ ಭಾನುವಾರ ಇದೇ ಬಾವಿ. ನಾನೇನು ಮಾಡಬೇಕಿತ್ತು ಹೇಳು? ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. "ಅದು ಬೆದರು ನಾಯಿ ಕಣಣ್ಣ, ಹೊಡೀಬ್ಯಾಡಿ, ಬುಟ್ಬುಡಿ" ಅಂದೆ.

ಆಮೇಲೆ ಅವರು ಕೋಳಿ ಸುಡುವುದಕ್ಕೆ ಕೂತರು. ಬಾಟಲು ಬಿಚ್ಚುವಾಗ ಮಾತು ನಿಂತಿತು. ನಾನು ಮರದ ಹಿಂದಿದ್ದೆ. ಆ ನಿಶ್ಶಬ್ದದಲ್ಲಿ ಕೆಂಚ ಕುಂಟುತ್ತಾ ಬಂದು ನನ್ನ ಮುಂದೆ ನಿಂತ, ಬಾಯಲ್ಲಿ ಪಾರಿವಾಳ. ಒಂದು ರೆಕ್ಕೆ ಮುರಿದಿತ್ತು, ಕಣ್ಣು ಬಿಟ್ಟೇ ಇತ್ತು. ಓನರ್ ಈಗ ತಿರುಗಿದರೆ... ನಾನು ಪಿಸುಗುಟ್ಟಿದೆ, "ಬುಡು." ನನ್ನ ಸೆರಗಿಗೆ ಬಿಟ್ಟ. ಕೋಳಿ ಕುಯ್ಯುವಾಗಲೂ ಹಿತ್ತಿಲಿಗೆ ಓಡುವ ನಾನು, ಅಣ್ಣಯ್ಯಾ, ಅದರ ಕತ್ತು ತಿರುಚಿದೆ. ಬೆರಳಿಗೆ ಆ ಬಿಸಿ ಇನ್ನೂ ಅಂಟಿಕೊಂಡಿದೆ. ಎಷ್ಟು ಸೋಪು ಹಾಕಿದರೂ ಹೋಗುತ್ತಿಲ್ಲ.

ಹೊರಡುವಾಗ ಹಕ್ಕಿಗಳನ್ನೆಲ್ಲ ಬಾನೆಟ್ ಮೇಲೆ ಜೋಡಿಸಿ ಫೋಟೋ ಹೊಡೆದುಕೊಂಡರು. ಸಾರಿಗೆ ಬೇಡವಾ ಅಂದೆ. "ಪಾರಿವಾಳದಾಗೇನೈತಮ್ಮ ಮಾಂಸ?" ಅಂತ ಬಾಮೈದ ಅಷ್ಟನ್ನೂ ಬಾವಿಗೇ ಸುರಿದ. ಮರಿಗಳ ಮುಂದಕ್ಕೇ! "ಈ ದರಿದ್ರದ್ದು ನಿಂಗೇ ಇರ್ಲಿ, ಮುದ್ದೆ ಹಾಕ್ಕೊಂಡು ಸಾಕ್ಕೋ" ಅಂತ ಓನರ್ ಕೆಂಚನ ಕಡೆ ಉಗಿದು ಕಾರು ಹತ್ತಿದ. ಆ ಉಗುಳು ಕಂಡು ನನಗೆ ಸಂತೋಷವಾಯಿತು. ಎಂಥಾ ಸಂತೋಷ ನೋಡು.

ಈಗ ಊರೆಲ್ಲ ನಿನ್ನ ಹೆಸರಿಗೆ ನಗುತ್ತಿದೆ. "ನಿಮ್ಮಣ್ಣ ಬರೀ ಬುರುಡೆ ಬುಟ್ಟೋನು, ಅದು ಬೀದಿ ನಾಯಿ" ಅಂತ ನಮ್ಮೆಜಮಾನರು ದಿನಾ ಚುಚ್ಚುತ್ತಾರೆ. ಅವರು ಒದ್ದ ಕಾಲು ಮನೆಯೊಳಗೆ ಓಡಾಡುವುದನ್ನು ಕಂಡರೆ ನನಗೆ ಹೇಸಿಗೆ. ನಿನ್ನ ಹೆಸರು ಕೆಟ್ಟರೆ ಕೆಡಲಿ ಅಣ್ಣಯ್ಯಾ, ಆ ಮಾತಿನ ಗುಟ್ಟು ನನ್ನ ಬಾಯಿಂದ ಬರುವುದಿಲ್ಲ. ನಿನ್ನೆ ರಾತ್ರಿ ಅವರು ಒಳಗಿಂದ "ಮುದ್ದೆ ಇಕ್ಬುಡು" ಅಂದರು. ಹೊಸಿಲ ಆಚೆ ಕೆಂಚ ಬಾಯಲ್ಲಿದ್ದ ಮೂಳೆಯನ್ನು ಮೆಲ್ಲಗೆ ಕೆಳಗಿಟ್ಟು ತಲೆಯೆತ್ತಿದ. ಅವರು ನೋಡಲಿಲ್ಲ. ನಾನು ಮುದ್ದೆ ಇಟ್ಟೆ, ತುಟಿ ಹೊಲಿದುಕೊಂಡು.

ನಿನ್ನ ತಂಗಿ,
ಗಂಗು