ಪ್ರೊಸೆರ್ಪಿನಾಳ ಮುಖ

ಮೆಲಾಕಾ, ಮಲೇಷ್ಯಾ
15 ನವೆಂಬರ್ 2025, ಶನಿವಾರ ಬೆಳಿಗ್ಗೆ

ಪ್ರೀತಿಯ ಸ್ವರ್ಣಾ,

ಹೇಗಿದ್ದೀ? ಅತ್ತೆಯ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆ ಎಂದು ನಿನ್ನ ಅಣ್ಣ ಹೇಳಿದ. ಸಂತೋಷ. ವಾಕರ್ ಹಿಡಿದು ನಡೆಯುವಾಗ ಯಾರಾದರೂ ಜೊತೆಗಿರಲಿ, ಬಚ್ಚಲಿನ ನೆಲ ಒರಸಿದ ಮೇಲೆಯೇ ಒಳಗೆ ಬಿಡು. ನಿನ್ನ ಮಂಡಿನೋವಿನ ಬಗ್ಗೆ ಕೇಳಿದರೆ ಪ್ರತಿ ಸಲವೂ ಅತ್ತೆಯ ಸುದ್ದಿಯನ್ನೇ ಹೇಳಿ ಜಾರಿಕೊಳ್ಳುತ್ತೀ, ಅದೂ ನನಗೆ ಗೊತ್ತು. ಇಲ್ಲಿ ನಾನು ಊಟ ತಿಂಡಿ ಸರಿಯಾಗಿಯೇ ಮಾಡುತ್ತಿದ್ದೇನೆ. ಬಾಲ್ಕನಿಯ ಕರಿಬೇವಿನ ಗಿಡ ಮಾತ್ರ ನೀನು ಹೋದಾಗಿನಿಂದ ಮುನಿಸಿಕೊಂಡಿದೆ. ಪಕ್ಕದ ಮನೆಯ ತಮಿಳು ಅಕ್ಕ ಹುಳಿಮಜ್ಜಿಗೆ ಹಾಕಿ ಎಂದರು, ಹಾಕುತ್ತಿದ್ದೇನೆ.

ದಿನಾ ಫೋನು ಮಾಡುವ ಮನುಷ್ಯ ಕಾಗದ ಬರೆಯಲು ಕುಳಿತನಲ್ಲ ಎಂದು ನಿನಗೆ ಗಾಬರಿಯಾಗಿರಬಹುದು. ಗಾಬರಿಯ ವಿಷಯವೇ. ಆದರೆ ತವರಿನಲ್ಲಿ ನಿನ್ನ ಮೊಬೈಲು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ನಾನು ಹಲೋ ಎನ್ನುವ ಮೊದಲೇ ನಿನ್ನ ಅಣ್ಣ "ಭಾವ, ಅಲ್ಲಿ ಮಳೆ ಉಂಟಾ?" ಎನ್ನುತ್ತಾನೆ. ವಾಟ್ಸಾಪಿನಲ್ಲಿ ಬರೆದರೆ ನೀನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುವವಳು. ನಮ್ಮ ಕಾಲೇಜಿನ ದೇವದಾಸರು ಇವತ್ತು ಉಡುಪಿಗೆ ಹೊರಟಿದ್ದಾರೆ, ಲಕೋಟೆಯನ್ನು ನಿನ್ನ ಕೈಗೇ ಕೊಡುತ್ತೇನೆಂದು ಒಪ್ಪಿದ್ದಾರೆ. ಒಬ್ಬಳೇ ಕುಳಿತು ಓದು. ವಿಷಯ ನಮ್ಮ ಶ್ರೀಯಾಳದು. ಮಂಗಳವಾರದ ವಿಮಾನದಲ್ಲಿ ಅವಳನ್ನು ಕೀರ್ತಿರಾಜನ ಮನೆಗೆ ವಾಪಸು ಕಳಿಸುವುದೆಂದು ನಾನೂ ನೀನೂ ಫೋನಿನಲ್ಲಿ ತೀರ್ಮಾನಿಸಿದ್ದೆವಲ್ಲ, ಅದು ಆಗದು.

ಅವಳು ಗಂಡನಿಗೆ ಹೇಳದೆ ಇಲ್ಲಿಗೆ ಬಂದಿಳಿದಾಗ ನನಗೂ ಸಿಟ್ಟು ಬಂದಿತ್ತು. "ಹೊಸತರಲ್ಲಿ ಎಲ್ಲ ಹಾಗೆಯೇ, ಹೊಂದಿಕೊಂಡು ಹೋಗ್ಬೇಕು, ಆಮೇಲೆ ಸರಿ ಆಗ್ತದೆ" ಎಂದು ನೀನು ಹೇಳಿದ್ದು ಸರಿಯೆಂದೇ ಅನಿಸಿತು. ಹುಡುಗಿಯೋ, ಅನ್ನ ಕಲಸಿ ಹಾಗೆಯೇ ಬಿಟ್ಟು ಏಳುತ್ತಿದ್ದಳು. ಕೈಗೊಂದು ಕೆಲಸವಿರಲಿ ಎಂದು ನನ್ನ ಬರೋಕ್ ಕಲೆಯ ಪಾಠದ ಸ್ಲೈಡುಗಳನ್ನು ಹೊಸದಾಗಿ ಮಾಡಿಕೊಡು ಎಂದೆ. ಆ ಪಾಠ ನಿನಗೆ ಗೊತ್ತು, ಮೊದಲ ಸಲ ಕೇಳಲು ಬಂದು ಮುಂದಿನ ಸಾಲಿನಲ್ಲೇ ಆಕಳಿಸಿದವಳು ನೀನು. ವರ್ಷಕ್ಕೊಮ್ಮೆ ಎರಡನೇ ವರ್ಷದ ಮಕ್ಕಳಿಗೆ ಅಂಗರಚನೆಯನ್ನು ಹೆಣದ ಮೇಜಿನಿಂದ ಬಿಡಿಸಿ ಇಟಲಿಗೂ ಫ್ರಾನ್ಸಿಗೂ ಕರೆದುಕೊಂಡು ಹೋಗುವುದು ನನ್ನ ಹಳೆಯ ಹುಚ್ಚು. ರೋಮಿನ ಇಗರ್ಜಿಗಳಲ್ಲಿ ಚಪ್ಪಟೆ ಚಾವಣಿಯ ಮೇಲೆ ಗುಮ್ಮಟ ಬರೆದು ಜನರ ಕಣ್ಣಿಗೆ ಮಣ್ಣೆರಚಿದ್ದು ಹೇಗೆ ಎನ್ನುವಲ್ಲಿಂದ ಶುರುಮಾಡಿ, ಕೊನೆಗೆ ಬೆರ್ನಿನಿಯ ಆ ಪ್ರಸಿದ್ಧ ಶಿಲ್ಪಕ್ಕೆ ಬರುತ್ತೇನೆ. ಪಾತಾಳದ ರಾಜ ಪ್ಲೂಟೋ ಪ್ರೊಸೆರ್ಪಿನಾ ಎಂಬ ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಿದ್ದಾನೆ. ಅವನ ಬೆರಳುಗಳು ಅವಳ ತೊಡೆಯಲ್ಲಿ ಹೂತಿವೆ. ಇಪ್ಪತ್ತು ದಾಟಿ ಎರಡು ಮೂರು ವರ್ಷವಾಗಿದ್ದ ಹುಡುಗ ಅಮೃತಶಿಲೆಯಲ್ಲಿ ಚರ್ಮವನ್ನೂ ಅದರ ಕೆಳಗಿನ ಕೊಬ್ಬನ್ನೂ ತೋರಿಸಿದ್ದಾನೆ. ಅದನ್ನು ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೆ ನನ್ನ ಸ್ಲೈಡಿನಲ್ಲಿ ಇದ್ದದ್ದು ಆ ಕೈ ಮತ್ತು ತೊಡೆಯ ಒಂದು ತುಂಡು ಮಾತ್ರ. ಬತ್ತಲೆ ಶಿಲ್ಪವನ್ನು ತರಗತಿಯಲ್ಲಿ ತೋರಿಸಿದರೆ ದೂರು ಬಂದೀತು ಎಂದು ಇಲ್ಲಿಗೆ ಬಂದ ಮೊದಲ ವರ್ಷವೇ ಹಿರಿಯರೊಬ್ಬರು ಎಚ್ಚರಿಸಿದ್ದರು. ಹೊಸ ಕೆಲಸ, ಹೊಸ ದೇಶ. ಉಳಿದದ್ದನ್ನೆಲ್ಲ ಕತ್ತರಿಸಿ, ಬೆರಳಿಗೊಂದು ಬಾಣ, ಸ್ನಾಯುವಿಗೊಂದು ಬಾಣ ಹಾಕಿ ಇಟ್ಟುಕೊಂಡೆ. ಶ್ರೀಯಾ ಅದನ್ನು ತೆರೆದು ನೋಡಿದವಳೇ "ಪಪ್ಪಾ, ಫೇಸ್ ಯಾಕೆ ಕಟ್ ಮಾಡಿದ್ದು?" ಎಂದಳು. ಮರ್ಯಾದೆಗೆ ಎಂದೆ. "ಮರ್ಯಾದೆಗೆ ಫೇಸ್ ಯಾಕೆ ಕಟ್ ಮಾಡ್ಬೇಕು ಲಾ?" ಎಂದಳು, ಇಲ್ಲಿಯ ಶಾಲೆಯಲ್ಲಿ ಅಂಟಿದ ಆ "ಲಾ" ಇನ್ನೂ ಬಿಟ್ಟಿಲ್ಲ. ಉತ್ತರವಿಲ್ಲದಾಗ ನಾನೇನು ಮಾಡುತ್ತೇನೆ ನಿನಗೆ ಗೊತ್ತಲ್ಲ, ನಿನಗೆ ಬೇಕಾದ ಹಾಗೆ ಮಾಡಿಕೋ ಎಂದು ರೇಗಿದೆ.

ಗುರುವಾರ ಮಧ್ಯಾಹ್ನ ಪಾಠ. ನಾನೂ ಬರ್ತೇನೆ ಎಂದು ಅವಳೇ ಹೊರಟು ಬಂದು ಕೊನೆಯ ಸಾಲಿನಲ್ಲಿ ಕುಳಿತಳು. ಆ ಸ್ಲೈಡು ಬಂದಾಗ ಪರದೆಯ ತುಂಬ ಪ್ರೊಸೆರ್ಪಿನಾಳ ಮುಖ ಮತ್ತು ಹೆಗಲು, ಬತ್ತಲೆಯೆಂದು ದೂರಲು ಏನೂ ಇಲ್ಲ, ಪಕ್ಕದಲ್ಲಿ ನನ್ನ ಹಳೆಯ ತುಂಡು. ಬಾಯಿ ತೆರೆದಿದೆ. ಒಂದು ಕೈಯಿಂದ ಅವನ ಮುಖವನ್ನು ದೂಡುತ್ತಿದ್ದಾಳೆ, ದೂಡಿದ ರಭಸಕ್ಕೆ ಅವನ ಹುಬ್ಬಿನ ಬಳಿ ಚರ್ಮ ಸುಕ್ಕುಗಟ್ಟಿದೆ. ಕೆನ್ನೆಯ ಮೇಲೆ ಕಣ್ಣೀರಿನ ಹನಿ, ಅದೂ ಕಲ್ಲಿನದೇ. ನಾನು ಮಾತ್ರ ಅಭ್ಯಾಸಬಲದಿಂದ ಬೆರಳುಗಳನ್ನೇ ತೋರಿಸುತ್ತ ಮುಂದುವರಿದೆ. ಫ್ರಾನ್ಸಿಗೂ ಹೋದೆ. ಇದೇ ಅಪಹರಣವನ್ನು ಅದೇ ಹದಿನೇಳನೇ ಶತಮಾನದ ಕೊನೆಗೆ ಅಲ್ಲಿಯ ಶಿಲ್ಪಿಯೊಬ್ಬ ವರ್ಸೇಲ್ಸಿನ ತೋಟಕ್ಕೆ ಕೆತ್ತಿದ, ಸುತ್ತ ದುಂಡಗೆ ಕಂಬಸಾಲು, ರಾಜ ಅಲ್ಲಿ ಸಂಗೀತ ಕೇಳುತ್ತ ಫಲಾಹಾರ ಮಾಡುತ್ತಿದ್ದನಂತೆ. ಇಲ್ಲಿ ಪ್ರತಿ ವರ್ಷ ಒಂದು ತಮಾಷೆ ಮಾಡುತ್ತೇನೆ, ಮಕ್ಕಳು ನಗುತ್ತಾರೆ. ಈ ಸಲ ಒಬ್ಬರೂ ನಗಲಿಲ್ಲ.

ಆಗ ಮದೀಹಾ ಕೈ ಎತ್ತಿದಳು. ನಿಲಾಯ್‌ನಲ್ಲಿ ಇಂಜಿನಿಯರಾಗಿರುವ ನಮ್ಮ ಭಟ್ಕಳದ ನಝೀರರ ಮಗಳು. ಹಾಗೆ ಹಿಡಿದರೆ ಆ ಗುರುತು ಮೈಮೇಲೆ ಎಷ್ಟು ದಿನ ಇರುತ್ತದೆ ಸರ್ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಎಂದು ನನಗೆ ಹುರುಪು ಬಂತು. ಮೊದಲು ಕೆಂಪು, ಆಮೇಲೆ ನೀಲಿ, ಹಸಿರು, ಹಳದಿ, ಬಣ್ಣ ನೋಡಿ ದಿನ ಹೇಳಲಾಗದು, ಆದರೆ ಒಂದು ಕಡೆ ನಾಲ್ಕು, ಎದುರು ಕಡೆ ಒಂದು ಇದ್ದರೆ ಅದು ಬಿದ್ದು ಆದದ್ದಲ್ಲ, ಹಿಡಿದು ಆದದ್ದು ಎಂದೆ. ಹೇಳುತ್ತ ಹಿಂದೆ ನೋಡಿದೆ. ಶ್ರೀಯಾ ತನ್ನ ಅಂಗಿಯ ಎಡತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಳ್ಳುತ್ತಿದ್ದಳು. ಈ ಸೆಕೆಯಲ್ಲಿ, ಬಂದ ದಿನದಿಂದ, ಮನೆಯೊಳಗೂ ಪೂರ್ತಿ ತೋಳಿನ ಅಂಗಿ. ಗಂಟಲು ಸರಿಯಿಲ್ಲ ಎಂದು ಪಾಠ ಮುಗಿಸಿದೆ.

ಮನೆಗೆ ಹೋಗುವ ದಾರಿಯಲ್ಲಿ ತಮಿಳು ಮುಸ್ಲಿಮರ ನಮ್ಮ ಮಾಮೂಲಿ ಮಾಮಕ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಚಹಾ ತರಿಸಿದೆ. ಕೇಳಲು ಧೈರ್ಯವಾಗಲಿಲ್ಲ. ಅವಳೇ ಅಂಗಿಯ ತೋಳು ಮಡಚಿದಳು. "ನೋಡಿ ಪಪ್ಪಾ, ಯುವರ್ ಸ್ಲೈಡ್" ಎಂದಳು. ಒಂದು ಕಡೆ ನಾಲ್ಕು, ಎದುರು ಕಡೆ ಒಂದು. ಹಳದಿಗೆ ತಿರುಗಿತ್ತು. ಸ್ವರ್ಣಾ, ನಾನು ಏನು ಕಾರಣ ಎಂದು ಕೇಳಿದೆ. ಹಾಗೆ ಕೇಳಬಾರದಿತ್ತು. "ಒಂದೊಂದ್ಸಲ ಒಂದೊಂದು" ಎಂದಳು. ಈ ಸಲದ್ದು, ನನ್ನ ಜೊತೆ ಫೋನಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದ್ದು. ಅತ್ತೆಮಾವನಿಗೆ ತಿಳಿಯದ ಹಾಗೆ ದೂರು ಹೇಳುತ್ತಿದ್ದಾಳೆಂದು ಕೀರ್ತಿರಾಜನಿಗೆ ಅನುಮಾನವಂತೆ. ಅವತ್ತು ನಾವು ಮಾತಾಡಿದ್ದು ಅವಳ ಹಳೆಯ ಶಾಲೆಯ ಬಗ್ಗೆ. ಅವನು ಎಲುಬಿನ ಡಾಕ್ಟರ್, ಮಣಿಪಾಲದಲ್ಲಿ ನನ್ನದೇ ಶಿಷ್ಯ. ಎಲ್ಲಿ ಹಿಡಿದರೆ ಬಟ್ಟೆ ಮುಚ್ಚುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಅಮ್ಮನಿಗೆ ತಿಳಿದರೆ ಎದೆ ಒಡೆದುಕೊಳ್ಳುತ್ತಾಳೆ ಎಂದೆ. ಶ್ರೀಯಾ ಅಂಗಿಯ ತೋಳು ಕೆಳಗಿಳಿಸಿಕೊಂಡು ಕಿಟಕಿಯ ಕಡೆ ತಿರುಗಿದಳು.

ಈಗ ನೀನು ಮಾಡಬೇಕಾದದ್ದು. ಸೋಮವಾರ ಕೀರ್ತಿರಾಜನೂ ಅವನ ಅಪ್ಪ ಅಮ್ಮನೂ ಮಾತುಕತೆಗೆ ನಿಮ್ಮಲ್ಲಿಗೆ ಬರುತ್ತಾರಲ್ಲ, ಬರಬೇಡಿ ಎನ್ನು. ಅಳಿಯನಿಗೆಂದು ಕೋರಿ ರೊಟ್ಟಿ ಮಾಡುವುದು ಬೇಡ. ಕಾರಣ ಕೇಳಿದರೆ ಮಾವನನ್ನೇ ಕೇಳು ಎಂದುಬಿಡು, ನಾನು ಹೇಳಿಕೊಳ್ಳುತ್ತೇನೆ. ನಿನ್ನ ಅಣ್ಣ ನಾಲ್ಕು ಜನ ಏನೆನ್ನುತ್ತಾರೆ ಎಂದು ಕೂಗಾಡುತ್ತಾನೆ, ಕೂಗಾಡಲಿ. ನನಗೆ ಚಿಂತೆ ನಿನ್ನದೇ. ಇಷ್ಟು ದಿನ ನಿನಗೆ ಗೊತ್ತಾಗಿದ್ದರೆ ನೀನು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಓದಿ ಅಳು ಬಂದರೆ ಅತ್ತುಬಿಡು, ಎದ್ದು ಸ್ವಲ್ಪ ನೀರು ಕುಡಿ. ನಿನ್ನ ತಪ್ಪು ಇದರಲ್ಲಿ ಏನೂ ಇಲ್ಲ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು, ಅಣ್ಣನ ಮಕ್ಕಳಿಗೆ ಆಶೀರ್ವಾದ. ದೇವರು ನಿನ್ನನ್ನು ಗಟ್ಟಿಯಾಗಿಡಲಿ.

ನಿನ್ನ,
ನಿತ್ಯಾನಂದ

ತಾ. ಕ.: ದೇವದಾಸರು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಶ್ರೀಯಾಳಿಗೆ ಕನ್ನಡ ಓದಲು ಬಾರದಲ್ಲ, ಅಂಟಿಸುವ ಮೊದಲು ಇದನ್ನೆಲ್ಲ ಅವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿ "ಅಮ್ಮನಿಗೆ ಗೊತ್ತುಂಟಲ್ಲ ಪಪ್ಪಾ" ಎಂದಳು. ಚೌತಿಗೆ ನಿಮ್ಮಲ್ಲಿಗೆ ಬಂದಾಗಲೇ ನಿನಗೆ ತೋರಿಸಿದ್ದಳಂತೆ, ಆಗ ಬಲಗೈ. ನೀನು ಅರಸಿನ ತೇದು ಹಚ್ಚಿದೆಯಂತೆ. ಪಪ್ಪನಿಗೆ ಹೇಳ್ಬೇಡ ಎಂದೆಯಂತೆ. ಸಂಜೆ ಅವನ ಕಾರಿನಲ್ಲೇ ಕೂರಿಸಿ ಕಳಿಸಿದೆಯಂತೆ. ಹರಿದು ಹೊಸದಾಗಿ ಬರೆಯಲು ಸಮಯವಿಲ್ಲ, ಮೇಲೆ ಬರೆದದ್ದು ಹಾಗೆಯೇ ಇರಲಿ. ಟಿಕೆಟು ರದ್ದು ಮಾಡಿದ್ದೇನೆ. ಇದು ಕೈಸೇರಿದ ಕೂಡಲೇ ಫೋನು ಮಾಡು, ನನಗಲ್ಲ, ಅವಳಿಗೆ. ಎತ್ತುತ್ತಾಳೋ ಇಲ್ಲವೋ ಹೇಳಲಾರೆ. ಎತ್ತುವವರೆಗೂ ಮಾಡು.