ಒತ್ತೆಯಿಟ್ಟ ದನಿ

ಹುಬ್ಬಳ್ಳಿ, ಫೆಬ್ರವರಿ ೩೦, ೨೧೮೭

ಪಗಾರಸಾಲದ ಕಾನೂನು ಬರೆಯಲು ಕುಳಿತಿರುವ, ನಮಗಿಂತ ಹಿಂದಿನ ಕಾಲದ ಹಿರಿಯರಿಗೆ, ನಗರಸಭೆಯ ಸದಸ್ಯೆ ಶಿವಲೀಲಾ ಕೊಪ್ಪದ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕ್ಯಾಲೆಂಡರನ್ನೇ ತಿದ್ದಿದ ನಮಗೆ, ದುಡಿದವರ ಪಗಾರವನ್ನು ತಿಂಗಳು ಮುಗಿಯುವ ಮೊದಲೇ ಕೊಡಿಸುವುದು ಮಾತ್ರ ಆಗಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ಪಗಾರ ಬರುವತನಕ ಎಂದು ಕೊಡುವ ಸಾಲವನ್ನು ಹದ್ದುಬಸ್ತಿನಲ್ಲಿಡಬೇಕೋ, ಪೂರ್ತಿ ನಿಷೇಧಿಸಬೇಕೋ ಎಂದು ನೀವು ಚರ್ಚಿಸುತ್ತಿದ್ದೀರಿ. ನಮ್ಮ ನಗರದಲ್ಲಿ ನಿಷೇಧದ ಠರಾವು ಮಂಡಿಸಿದವಳು ನಾನೇ. ಬಡ್ಡಿಗೆ ಮಿತಿ ಹಾಕೋಣ, ಸಹಕಾರಿ ಸಂಘದಿಂದ ಸಣ್ಣ ಸಾಲ ಕೊಡಿಸೋಣ ಎಂದವರನ್ನು ಬಡ್ಡಿಕೋರರ ಬಾಲಂಗೋಚಿಗಳೆಂದು ಜರೆದೆ. ಚಪ್ಪಾಳೆಯೂ ಬಿತ್ತು. ಸಾಲದ ಅಂಗಡಿಗಳು ಮುಚ್ಚಿದವು, ಜನರ ಅಡಚಣೆ ಹಾಗೆಯೇ ಉಳಿಯಿತು. ಸಾಲ ಕದ್ದು ನಡೆಯತೊಡಗಿತು. ಕದ್ದು ಕೊಡುವವರಿಗೆ ಕೋರ್ಟಿಲ್ಲ, ಕಾಗದವಿಲ್ಲ. ಅದಕ್ಕೇ ಅವರು ದನಿ ಒತ್ತೆ ಹಿಡಿಯುತ್ತಾರೆ. ಸಾಲ ಕೇಳಿದವರು ಯಂತ್ರದ ಮುಂದೆ ಕುಳಿತು ಮಾತಾಡಬೇಕು, ಒಂದಿಷ್ಟು ಅಳಬೇಕು. ಕಂತು ತಪ್ಪಿದರೆ ಯಂತ್ರ ಅವರದೇ ದನಿಯಲ್ಲಿ ಬೀಗರಿಗೆ, ಒಡಹುಟ್ಟಿದವರಿಗೆ ಫೋನು ಮಾಡಿ ದುಡ್ಡು ಬೇಡುತ್ತದೆ. ಇದನ್ನು ಮುರಿಯಲು ನಾನೇ ಮನೆಮನೆಗೂ ಹೇಳಿಸಿದೆ: ಯಾರೇ ಅತ್ತು ದುಡ್ಡು ಕೇಳಲಿ, ಫೋನಿಟ್ಟುಬಿಡಿ.

ಹೋದ ತಿಂಗಳು ಒಂದು ದಿನ ಊಟಕ್ಕೆ ಕುಳಿತಾಗ ಚಿಗವ್ವನ ದನಿ ಬಂತು. ದಾಕ್ಷಾಯಣಿ ಚಿಗವ್ವ ನನ್ನ ಅವ್ವನ ತಂಗಿ; ದವಾಖಾನೆಯ ಬಟ್ಟೆ ಒಗೆಯುವ ಕೆಲಸ. "ಲೀಲವ್ವಾ, ನಿಮ್ಮ ಕಾಕಾಗ ಉಸಿರಾಡಾಕ ಆಗವಲ್ದು. ಮುಂಗಡ ಕಟ್ಟಿದ್ರಷ್ಟ ಒಳಗ ಕರ್ಕೋತಾರಂತ. ಪಗಾರ ಆದ ಕೂಡ್ಲೆ ಕೊಡ್ತೀನಿ." ಇವಳೂ ದನಿ ಒತ್ತೆಯಿಟ್ಟಳಲ್ಲ ಎಂದು ಸಿಟ್ಟು ಬಂತು. ಫೋನಿಟ್ಟು ರೊಟ್ಟಿ ಮುರಿದೆ. ಮತ್ತೆ ಬಂತು, ಮತ್ತೆ ಇಟ್ಟೆ.

ಅವಳು ಯಾರಲ್ಲೂ ಸಾಲ ಮಾಡಿರಲಿಲ್ಲ. ಅಕ್ಕನ ಮಗಳು ತಂದ ಕಾನೂನು ತಾನೇ ಮುರಿಯಬಾರದೆಂದು ಕದ್ದು ಕೊಡುವವರ ಬಾಗಿಲಿಗೆ ಹೋಗದೆ ನನಗೆ ಫೋನು ಮಾಡಿದ್ದಳು. ಕಾಕಾ ಸಂಜೆಗೆ ತೀರಿಕೊಂಡರು. ಮಣ್ಣಿಗೆ ಹೋದಾಗ ಚಿಗವ್ವ ಬೈಯಲೂ ಇಲ್ಲ. "ಯಂತ್ರ ಅಂತ ತಿಳದಿ, ನಿಂದೇನ್ ತಪ್ಪೈತಿ" ಎಂದು ನನಗೇ ಸಮಾಧಾನ ಹೇಳಿದಳು. ನಾಲ್ಕು ಜನರೆದುರು ಉಗಿದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಬಡ್ಡಿಕೋರರ ಮೇಲೆ ನನಗೆ ಇಂದಿಗೂ ಕನಿಕರವಿಲ್ಲ. ಅವರ ಕೈ ಕಟ್ಟಿ. ಆದರೆ ಅದಕ್ಕೂ ಮೊದಲು, ದುಡಿದಷ್ಟು ಪಗಾರ ಕೇಳಿದ ದಿನವೇ ಸಿಗಲಿ, ಸಂಘದಲ್ಲಿ ಬಡವರಿಗೂ ಸಾಲ ಹುಟ್ಟಲಿ ಎಂದು ಬರೆಯಿರಿ. ನನ್ನ ಹಾಗೆ ಚಪ್ಪಾಳೆಗೆ ಬರೆಯಬೇಡಿ.

ಚಿಗವ್ವ ಈಗ ಫೋನು ಮಾಡುವುದಿಲ್ಲ. ಏನೇ ಹೇಳುವುದಿದ್ದರೂ ಊರಾಚೆಯಿಂದ ನಡೆದೇ ಬರುತ್ತಾಳೆ. ನಿನ್ನೆ ಬಂದವಳು ಹೊಸ್ತಿಲಲ್ಲೇ ನಿಂತು, ನನ್ನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, "ನಾನ ಅದೀನಿ ಲೀಲವ್ವಾ, ಖರೇನ ನಾನ" ಎಂದಳು.