ಅಕ್ಕ, ನಿನ್ನ ಕನ್ನಡಕ ತೊಳೆದಿಟ್ಟಿದ್ದೇನೆ

ಕೆಳಗಿನ ಮನೆಯ ಅಕ್ಕನಿಗೆ, ಮೇಲಿನ ಮನೆಯ ಜಯಳ ನಮಸ್ಕಾರ.

ನಿನ್ನೆ ನಿನ್ನ ತಿಥಿ ಮುಗಿಯಿತು. ಎಡೆಯಲ್ಲಿ ನಿನ್ನ ಹಸಿರು ಸೀರೆ, ಎಲೆ ಅಡಿಕೆ, ನೀನು ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಿದ್ದ ಅವರೆಕಾಳು ಉಪ್ಪಿಟ್ಟು ಎಲ್ಲ ಇಟ್ಟ ಮೇಲೆ, ಕೊನೆಗೆ ನಿನ್ನ ಕನ್ನಡಕವನ್ನೂ ಇಟ್ಟೆ. "ಅಯ್ಯೋ ಜಯಮ್ಮ, ಎಡೇಲಿ ಕನ್ನಡಕ ಯಾರಾದ್ರೂ ಇಡ್ತಾರಾ?" ಎಂದು ಬಂದವರೆಲ್ಲ ಕೇಳಿದರು. ಇಡದಿದ್ದರೆ ಎಲೆಯ ಮೇಲಿರುವುದು ಉಪ್ಪಿಟ್ಟೋ ಕೇಸರಿಬಾತೋ ನಿನಗೆ ಗೊತ್ತಾಗುವುದು ಹೇಗೆ? ನಗಬೇಡ. ನನಗೂ ನಗು ಬಂತು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನಾನು ಈ ಮನೆಗೆ ಕಿರಿಸೊಸೆಯಾಗಿ ಬಂದ ದಿನ ನೆನಪಿದೆಯಾ? ಓರಗಿತ್ತಿಯರು ಇಂದಲ್ಲ ನಾಳೆ ಜುಟ್ಟು ಹಿಡಿದುಕೊಳ್ಳುತ್ತಾರೆ ಎಂದು ಸುಬ್ರಹ್ಮಣ್ಯಪುರದ ಅರ್ಧ ಊರು ಕಾದು ಕೂತಿತ್ತು. ಪಾಪ, ಕಾದದ್ದೇ ಬಂತು. ಹೊಲಗಳೆಲ್ಲ ಸೈಟುಗಳಾದವು, ಹಂಚಿನ ಮನೆ ಕೆಡವಿ ಎರಡು ಅಂತಸ್ತು ಕಟ್ಟಿಸಿದೆವು, ಕೆಳಗೆ ನೀನು ಮತ್ತು ಭಾವ, ಮೇಲೆ ನಾವು. ಮಧ್ಯೆ ಮೆಟ್ಟಿಲು, ಮೆಟ್ಟಿಲ ಬುಡದಲ್ಲಿ ಒಂದು ನಲ್ಲಿ. ಆ ನಲ್ಲಿಯೇ ನಮ್ಮಿಬ್ಬರ ಹರಟೆಕಟ್ಟೆ.

ಇಬ್ಬರಿಗೂ ಚಾಳೀಸು ಬಂದು ಜಯನಗರಕ್ಕೆ ಬಸ್ಸಿನಲ್ಲಿ ಹೋದೆವಲ್ಲ, ಆ ಕನ್ನಡಕದ ಅಂಗಡಿಯ ಹುಡುಗಿ ಎಷ್ಟು ಚೆನ್ನಾಗಿ ಹೇಳಿಕೊಟ್ಟಳು! "ಆಂಟಿ, ಸೆರಗಲ್ಲಿ ಒರೆಸಬೇಡಿ. ಧೂಳು ಉಜ್ಜಿ ಗೀರು ಬೀಳುತ್ತೆ. ಮೊದಲು ನಲ್ಲಿ ನೀರಿಗೆ ಹಿಡೀರಿ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಒಂದು ತೊಟ್ಟು ಹಾಕಿ ಬೆರಳಲ್ಲಿ ಮೆತ್ತಗೆ ಸವರಿ. ಬಿಸಿನೀರು ಬೇಡ. ಆಮೇಲೆ ಕಾಟನ್ ಬಟ್ಟೇಲಿ ಒತ್ತಿ." ನೀನು "ಆಯ್ತಮ್ಮ, ಆಯ್ತಮ್ಮ" ಎಂದು ತಲೆಯಾಡಿಸಿದೆ. ಬಸ್ ಸ್ಟಾಪ್ ಮುಟ್ಟುವುದರೊಳಗೆ ಹೊಸ ಗಾಜಿಗೆ ಹಾ ಎಂದು ಉಸಿರು ಬಿಟ್ಟು ಸೆರಗಿನಲ್ಲಿ ಉಜ್ಜಿದೆ. ನಾನು ಹಣೆ ಚಚ್ಚಿಕೊಂಡೆ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನನ್ನ ಮುಖ ನೋಡಿ ನೀನು ಕಿಸಕ್ಕನೆ ನಕ್ಕೆ. "ಲೇ ಜಯ, ಗಾಜಿನ ತುಂಬ ಪೌಡರ್ ಕಣೆ! ನಿಂಗೆ ಕಾಣಲ್ವಾ?" ಎಲ್ಲಿ ಕಾಣಬೇಕು? ಕನ್ನಡಕ ತೆಗೆದರೆ ಹತ್ತಿರದ್ದೆಲ್ಲ ಮಂಜು. ಅದರ ಮೇಲಿನ ಕೊಳೆ ನೋಡಬೇಕೆಂದರೂ ಅದೇ ಕನ್ನಡಕ ಬೇಕು. ಅಂದಿನಿಂದ ನಿನ್ನದನ್ನು ನಾನು ತೊಳೆಯುವುದು, ನನ್ನದನ್ನು ನೀನು ತೊಳೆಯುವುದು ಎಂದಾಯಿತು. ನಿನ್ನದರಲ್ಲಿ ಒಗ್ಗರಣೆಯ ಎಣ್ಣೆ, ಹಣೆಯಿಂದ ಉದುರಿದ ಕುಂಕುಮ. ಮೂಗಿನ ಮೇಲೆ ಕೂರುವ ಆ ಪುಟ್ಟ ಗುಂಡಿಗಳ ಸಂದಿಯಲ್ಲಿ ಶುಕ್ರವಾರದ ಅರಿಶಿನ. ಎಷ್ಟು ಸಲ ಬೈದಿದ್ದೇನೆ, ಅರಿಶಿನ ಹಚ್ಚಿಕೊಂಡು ಮುಖ ತೊಳೆದ ಮೇಲೆ ಕನ್ನಡಕ ಹಾಕು ಎಂದು!

ನಿನ್ನ ಮಗಳು ಸುಧಾಳ ಮದುವೆಯ ಕಾರ್ಡು ಮನೆಗೆ ಬಂದ ದಿನವನ್ನು ಮಾತ್ರ ಮರೆಯಲಾಗುವುದಿಲ್ಲ. ನಮ್ಮ ಮನೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಸುಖಾಗಮನ ಬಯಸುವವರಲ್ಲಿ ದೂರದ ಷಡ್ಡಕನ ಹೆಸರಿತ್ತು, ಒಡಹುಟ್ಟಿದ ತಮ್ಮನ ಹೆಸರಿರಲಿಲ್ಲ. ತಪ್ಪಾಯ್ತು ಕಣೋ ಎಂದು ಭಾವ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅನ್ನಲಿಲ್ಲ. "ಹೆಸರು ಹಾಕಿದ್ರೇನೇ ತಮ್ಮನಾ?" ಎಂದುಬಿಟ್ಟರು. ಇವರು ಮದುವೆಗೆ ಬಂದು ಅಕ್ಷತೆ ಹಾಕಿ, ಊಟಕ್ಕೆ ಕೂರದೆ ಎದ್ದು ಹೋದರು. ಅಲ್ಲಿಂದ ಮಾತು ನಿಂತಿತು. ಒಂದೇ ಗೇಟು, ಒಂದೇ ಸಂಪು, ಆದರೆ ಅಣ್ಣ ಹೊರಗೆ ಬಂದರೆ ತಮ್ಮ ಒಳಗೆ.

ಆಮೇಲೆ ನಲ್ಲಿಯ ಹತ್ತಿರ ನೀನು ದನಿ ತಗ್ಗಿಸಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಕಾರ್ಡಿನ ಪ್ರೂಫ್ ನೋಡೋವಾಗ ಅವರ ಕನ್ನಡಕ ಎಣ್ಣೆಜಿಡ್ಡು ಕಣೆ. ಕಾಣ್ತಿಲ್ಲ ಅಂತ ಆ ಪ್ರೆಸ್ಸಿನವನ ಮುಂದೆ ಹೇಳ್ಕೊಳ್ಳಕ್ಕೆ ನಾಚಿಕೆ. ಎಲ್ಲ ಸರಿ ಇದೆ ಅಂತ ಕೊಟ್ಬಿಟ್ರು. ಈಗ ಒಪ್ಕೊಳ್ಳಕ್ಕೆ ಇನ್ನೂ ನಾಚಿಕೆ." ಅಂದಿನಿಂದ ನಮ್ಮಿಬ್ಬರ ಕನ್ನಡಕಗಳ ಜೊತೆ ಭಾವನದೂ ನಲ್ಲಿಗೆ ಬಂತು. ನಾನು ಇದನ್ನು ಇವರಿಗೆ ಹೇಳಿದೆ. "ಕಾಣದಿದ್ರೆ ನನ್ನ ಕರೀಬೇಕಿತ್ತು. ಮೇಲೇ ಇದ್ನಲ್ಲ ನಾನು?" ಎಂದರು. ನೀನು ಮಾತ್ರ ಸೋಲಲಿಲ್ಲ. "ಇವರಿಬ್ಬರು ಮಾತಾಡೋದು ನೋಡ್ದೆ ನಾನು ಹೋಗಲ್ಲ ಕಣೆ" ಎನ್ನುತ್ತಿದ್ದೆ.

ಹೋದೆಯಲ್ಲ ಅಕ್ಕ.

ಕೊನೆಯ ಬೆಳಿಗ್ಗೆ ಕನ್ನಡಕ ನನ್ನ ಕೈಗೆ ಕೊಟ್ಟು, ಎದೆ ಒತ್ತಿಕೊಂಡು "ಗ್ಯಾಸ್ ಇರಬೇಕು" ಎಂದು ಮೆಟ್ಟಿಲ ಮೇಲೆ ಕೂತೆ. ನಾನು ಇನ್ನೂ ಸೋಪು ಹಚ್ಚುತ್ತಿದ್ದೆ. ತಿರುಗಿ ನೋಡುವಷ್ಟರಲ್ಲಿ ನೀನು ಗೋಡೆಗೆ ಒರಗಿಬಿಟ್ಟಿದ್ದೆ. ಆಸ್ಪತ್ರೆಗೆ ಒಯ್ಯುವಾಗಲೂ ಒದ್ದೆ ಕನ್ನಡಕ ನನ್ನ ಮುಷ್ಟಿಯಲ್ಲೇ ಇತ್ತು. ನಿನ್ನ ಮುಖಕ್ಕೆ ಅದನ್ನು ಹಾಕಲೇ ಇಲ್ಲ. ಕೊನೆಗೆ ನಿನಗೆ ನಾವೆಲ್ಲ ಮಂಜುಮಂಜಾಗಿ ಕಂಡೆವೋ ಏನೋ... ಮರುದಿನ ಗಾಜುಗಳನ್ನು ಮತ್ತೆ ತೊಳೆದೆ. ಆ ಸಂದಿಯ ಅರಿಶಿನ ಉಜ್ಜಲು ಮಾತ್ರ ಕೈ ಬರಲಿಲ್ಲ. ಅದು ಹಾಗೇ ಇದೆ.

ನಿನ್ನ ಚಟ್ಟಕ್ಕೆ ಅಣ್ಣತಮ್ಮ ಇಬ್ಬರೂ ಹೆಗಲು ಕೊಟ್ಟರು. ಆಗಲೂ ಮಾತಿಲ್ಲ. ಮನೆಗೆ ಬಂದ ಮೇಲೆ ಭಾವ ಕನ್ನಡಕ ತೊಳೆಯಲು ಯಾರಿಗೂ ಕೊಡಲಿಲ್ಲ. ಸುಧಾ ಕೇಳಿದರೆ "ಇರ್ಲಿ ಬಿಡಮ್ಮ, ನಿಮ್ಮಮ್ಮ ತೊಳೆದಿದ್ದು" ಎಂದರು. ನಿನ್ನ ಕೈ ಮುಟ್ಟಿದ್ದು ಎಂದು ಇಟ್ಟುಕೊಂಡಿದ್ದರು ಪಾಪ, ಅದರ ಮೇಲೆ ಧೂಳು, ಕಣ್ಣೀರು, ಬೆವರು. ಒಂದು ಸಂಜೆ ಗೇಟಿನ ಹತ್ತಿರ ಮೆಟ್ಟಿಲು ಕಾಣದೆ ಎಡವಿದರು. ಇವರು ಮೇಲಿಂದ ನೋಡಿ ಧಡಧಡ ಅರ್ಧ ಮೆಟ್ಟಿಲು ಇಳಿದರು. ಭಾವ ಕಂಬಿ ಹಿಡಿದು ನಿಂತದ್ದು ಕಂಡು ಸದ್ದಿಲ್ಲದೆ ವಾಪಸ್ ಬಂದರು. ನನಗೆ ಇಬ್ಬರ ತಲೆಯನ್ನೂ ಹಿಡಿದು ಕುಟ್ಟಬೇಕೆನಿಸಿತು.

ಈಗ ನೀನು ಕೇಳದ ಸುದ್ದಿ ಹೇಳುತ್ತೇನೆ, ಸರಿಯಾಗಿ ಕೂತುಕೋ. ತಿಥಿಗೆ ನಾಲ್ಕೈದು ದಿನ ಮುಂಚೆ, ಬೆಳಗಿನ ಕಾಫಿಯ ಹೊತ್ತಿಗೆ, ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ನೋಡಿದರೆ ಭಾವ! ಸುಧಾಳ ಮದುವೆಯಾದ ಮೇಲೆ ಅವರು ನಮ್ಮ ಮೆಟ್ಟಿಲು ಹತ್ತಿದ್ದೇ ಇಲ್ಲ. ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಕನ್ನಡಕ. ಬಾಗಿಲಲ್ಲೇ ನಿಂತರು. ಗಂಡನ ಹೆಸರು ಹೇಳಬಾರದು ಎಂದು ನನಗೆ ಕಲಿಸಿದವಳು ನೀನೇ, ಇವತ್ತೊಂದು ದಿನ ಕ್ಷಮಿಸು, ಅವರು ಕರೆದದ್ದನ್ನು ಬರೆಯಲೇಬೇಕು.

"ನಂಜ."

ಇವರು ಕಾಫಿ ಲೋಟ ಕೆಳಗಿಟ್ಟರು.

"ನಿಮ್ಮತ್ತಿಗೆ ತಿಥಿ ಕಾರ್ಡಿನ ಪ್ರೂಫ್ ಬಂದಿದೆ ಕಣೋ. ನನಗೆ ಕಾಣಲ್ಲ. ಆವತ್ತೂ ಕಂಡಿರ್ಲಿಲ್ಲ. ಈ ಸಲ ನೀನೇ ಓದು."

ಇವರು ಎದ್ದು ಮೊದಲು ಕಾಗದ ತೆಗೆದುಕೊಳ್ಳಲಿಲ್ಲ, ಕನ್ನಡಕ ತೆಗೆದುಕೊಂಡರು. ಸಿಂಕಿನ ನಲ್ಲಿ ತಿರುಗಿಸಿ, ಒಂದು ತೊಟ್ಟು ಲಿಕ್ವಿಡ್ ಹಾಕಿ, ಬೆರಳ ತುದಿಯಲ್ಲಿ ಸವರಿ, ನನ್ನ ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಒತ್ತಿದರು. ಇಷ್ಟು ವರ್ಷ ಮೇಲೆ ನಿಂತು ನಮ್ಮಿಬ್ಬರನ್ನು ನೋಡಿ ನೋಡಿ ಕಲಿತಿದ್ದರೆಂದು ಕಾಣುತ್ತದೆ. ಅಣ್ಣನ ಕಿವಿಗೆ ತಾವೇ ಕನ್ನಡಕ ಸಿಕ್ಕಿಸಿದರು. ಆಮೇಲೆ ಕಾಗದ ಹಿಡಿದು ಮೇಲಿನಿಂದ ಓದತೊಡಗಿದರು. "ಶ್ರೀಮತಿ ರತ್ನಮ್ಮನವರು..." ಅಷ್ಟಕ್ಕೇ ಕಾಗದ ಇಳಿಸಿಬಿಟ್ಟರು.

"ಕೆಳಗೆ ನೋಡೋ" ಎಂದರು ಭಾವ. "ನನ್ನ ಹೆಸರಿನ ಪಕ್ಕದಲ್ಲೇ ಹಾಕ್ಸಿದೀನಿ. ನಿನ್ನ ಹೆಸರು ಇದೆಯಾ ನೋಡು."

"ಅದಿರ್ಲಿ ಬಿಡಣ್ಣ. ಅತ್ತಿಗೆ ಹೆಸರೇ ಓದಕ್ಕಾಗ್ತಿಲ್ಲ."

ಅಣ್ಣ ಅಂದರು ಅಕ್ಕ! ನಾನು ಕೇಳಿದೆ. ನೀನು ಅಷ್ಟು ವರ್ಷ ಕಾದ ಮಾತನ್ನು ನಾನೊಬ್ಬಳೇ ನಿಂತು ಕೇಳಿದೆ. ಕಣ್ಣೀರಿಗೆ ಇವರ ಕನ್ನಡಕವೆಲ್ಲ ಒದ್ದೆ. ಭಾವ "ಕೊಡಿಲ್ಲಿ" ಎಂದು ಇವರ ಮುಖದಿಂದ ಅದನ್ನು ತೆಗೆದರು, ಥೇಟ್ ನಿನ್ನ ಹಾಗೆ ಹಾ ಎಂದು ಉಸಿರು ಬಿಟ್ಟು, ಪಂಚೆಯ ಅಂಚಿನಲ್ಲಿ ಗಸಗಸ ಉಜ್ಜತೊಡಗಿದರು.

ಗೀರು ಬೀಳುತ್ತೆ ಭಾವ ಎಂದು ನಾಲಿಗೆಯ ತುದಿಗೆ ಬಂದಿತ್ತು. ಬೀಳಲಿ ಬಿಡು ಅಕ್ಕ.